ಪಕ್ಕದ ಮಗುವಿನ ಜ್ವರ

ಮಗಳ ಕಾಯಿಲೆ ಶುರುವಾದದ್ದು ಕಣ್ಣಿನಿಂದ. ಒಂದನೇ ಕ್ಲಾಸಿನ ದಸರಾ ರಜೆಯಲ್ಲಿ ಒಂದು ಬೆಳಿಗ್ಗೆ ಎದ್ದಾಗ ಅವಳ ಎರಡೂ ರೆಪ್ಪೆಗಳು ಊದಿಕೊಂಡಿದ್ದವು. ಸೊಳ್ಳೆ ಕಚ್ಚಿರಬೇಕು ಅಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿದೆ. ಎರಡು ದಿನ ಕಳೆಯುವಷ್ಟರಲ್ಲಿ ಹೊಟ್ಟೆಯೂ ಉಬ್ಬಿ, ಚಡ್ಡಿಯ ಎಲಾಸ್ಟಿಕ್ಕಿನ ಗುರುತು ಸೊಂಟದ ಸುತ್ತ ಕಾಲುವೆಯ ಹಾಗೆ ಉಳಿಯಿತು. ಅವಳ ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುತ್ತಿದೆ ಎಂದು ತಿಳಿದದ್ದು ಆಮೇಲೆ. ಮಕ್ಕಳ ಕಿಡ್ನಿ ನೋಡುವ ಡಾಕ್ಟರಮ್ಮ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟರು. ದೊಡ್ಡವಳಾಗುತ್ತ ವಾಸಿಯಾಗುವ ಕಾಯಿಲೆ, ಹೆದರಬೇಡಿ ಎಂದರು. ನಾವು ಎದ್ದು ಬಾಗಿಲ ತನಕ ಹೋದಾಗ ಮತ್ತೆ ಕರೆದು ಕೂಡಿಸಿ ಇನ್ನೊಂದು ಮಾತು ಹೇಳಿದರು.

"ಈ ಮಾತ್ರೆ ನಡೆಯುವಾಗ ಅವಳ ಮೈಗೆ ಹೋರಾಡುವ ಶಕ್ತಿ ಇರುವುದಿಲ್ಲ. ನೆಗಡಿ ಬಂದರೂ ಕಾಯಿಲೆ ತಿರುಗಿ ಬರಬಹುದು. ಆದರೆ ಅವಳ ಹತ್ತಿರ ಇರುವ ಯಾವ ಮಗುವಿಗಾದರೂ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್ ಬಂತು ಅಂತ ಗೊತ್ತಾದರೆ ಅದೇ ದಿನ ನನಗೆ ಫೋನ್ ಮಾಡಿ. ಮರುದಿನ ನೋಡೋಣ ಅಂತ ಕೂರಬೇಡಿ."

ಅದಕ್ಕೆ ಲಸಿಕೆ ಇತ್ತು. ಹಿಂದೆ ಕೊಡಿಸಿರಲಿಲ್ಲ. ಈಗ ಮಾತ್ರೆ ನಿಲ್ಲುವ ತನಕ ಕೊಡುವ ಹಾಗಿರಲಿಲ್ಲ.

ಅಲ್ಲಿಂದ ನನ್ನ ಕಣ್ಣು ನನ್ನ ಮಗಳಿಗಿಂತ ಬೇರೆಯವರ ಮಕ್ಕಳ ಮೇಲೆಯೇ ಇರತೊಡಗಿತು. ನಮ್ಮದು ಈ ತೆಲುಗು ಊರಲ್ಲಿ, ಹಿಮಾಯತ್‌ನಗರದ ಒಂದು ಹಳೆಯ ಗಲ್ಲಿ. ದಿನಾ ಬೆಳಿಗ್ಗೆ ಸ್ಕೂಲ್ ಆಟೋ ಬಂದು ನಿಂತಾಗ ಬ್ಯಾಗ್ ಒಳಗಿಡುವ ನೆಪದಲ್ಲಿ ಬಗ್ಗಿ ಒಂದೊಂದೇ ಮುಖ ನೋಡುತ್ತಿದ್ದೆ. ಯಾರ ಮೂಗು ಸೋರುತ್ತಿದೆ, ಯಾರ ಕಣ್ಣು ಕೆಂಪಾಗಿದೆ, ಯಾರು ಕೆಮ್ಮಿದರು. ಮಕ್ಕಳು ತೊಡೆಗೆ ತೊಡೆ ತಾಗಿಸಿ, ಒಬ್ಬರ ಕುತ್ತಿಗೆಯ ಮೇಲೆ ಇನ್ನೊಬ್ಬರು ಉಸಿರಾಡುತ್ತ ಕೂತಿರುತ್ತಿದ್ದರು. ಒಂದು ದಿನ ಕಾಣುವ ಹಾಗೆ ಜ್ವರ ಇದ್ದ ಹುಡುಗಿಯೊಬ್ಬಳನ್ನು ಕಂಡು, ನನ್ನ ಮಗಳನ್ನು ರಟ್ಟೆ ಹಿಡಿದು ಕೆಳಗಿಳಿಸಿ ವಾಪಸ್ ಮನೆಗೆ ಕರೆದುಕೊಂಡು ಬಂದೆ. ಆ ಹುಡುಗಿಗೆ ಅವಳಮ್ಮ ಜ್ವರದ ಸಿರಪ್ ಕುಡಿಸಿ ಕಳಿಸಿದ್ದಳು. ಒಂದು ದಿನವೂ ತಪ್ಪಿಸದೆ ಬಂದ ಮಕ್ಕಳಿಗೆ ಆ ಶಾಲೆಯಲ್ಲಿ ವರ್ಷದ ಕೊನೆಗೆ ಸ್ಟೇಜಿನ ಮೇಲೆ ಬಹುಮಾನ ಕೊಡುತ್ತಿದ್ದರು. ಮಕ್ಕಳು ಆ ಬಹುಮಾನಕ್ಕಾಗಿ ಜ್ವರದಲ್ಲೂ ಬರುತ್ತಿದ್ದರು.

ಸಂಕ್ರಾಂತಿ ಆದ ಮೇಲೆ ಆಟೋಗೆ ಹೊಸ ಹುಡುಗನೊಬ್ಬ ಸೇರಿದ. ತೆಲುಗು ಮನೆಯವನು, ನಮ್ಮ ಮಗಳದೇ ಕ್ಲಾಸು. ವಾರ್ಷಿಕೋತ್ಸವದ ಡ್ಯಾನ್ಸಿನಲ್ಲಿ ಇಬ್ಬರೂ ಜೋಡಿ. ಮಗಳಿಗೆ ಅವನೆಂದರೆ ಪ್ರಾಣ. ಮಾತ್ರೆಯಿಂದ ಅವಳ ಕೆನ್ನೆ ಪೂರಿಯಂತೆ ಉಬ್ಬಿದ್ದನ್ನು ಇಡೀ ಕ್ಲಾಸು ಆಡಿಕೊಳ್ಳುತ್ತಿದ್ದಾಗ ಅವನೊಬ್ಬನೇ ನಕ್ಕಿರಲಿಲ್ಲವಂತೆ.

ಬಿಸಿಲು ಏರತೊಡಗಿದ ದಿನಗಳು ಅವು. ಒಂದು ಮಧ್ಯಾಹ್ನ ಮಗಳು ಆಟೋ ಇಳಿದು ಓಡಿಬಂದು, ಷೂ ಕೂಡ ಬಿಚ್ಚದೆ, "ಮಮ್ಮಿ, ಅವನ ಮನಿಗೆ ಅಮ್ಮವಾರು ಬಂದಾರಂತ! ಆಟೋ ಅಂಕಲ್ ಹೇಳಿದ್ರು. ಅದಕ್ಕ ಅವ ಇವತ್ತ ಸ್ಕೂಲಿಗೆ ಬಂದಿಲ್ಲ. ನಾವೂ ದರ್ಶನಕ್ಕ ಹೋಗೋಣೇನು?" ಅಂದಳು.

ಅವಳಿಗೆ ನಿಜವಾದ ದೇವಿಯೇ ಅವನ ಮನೆಯಲ್ಲಿ ಬಂದು ಕೂತಿದ್ದಾಳೆ ಎಂಬ ನಂಬಿಕೆ. ತೆಲುಗಿನವರು ಚಿಕನ್‌ಪಾಕ್ಸ್ ಬಂದರೆ ಹಾಗೆ ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದೆ.

"ನಿನ್ನೆ ಅವ ಬಂದಿದ್ದನೇನು?"

"ಹೂಂ, ಬಂದಿದ್ದ. ಡ್ಯಾನ್ಸ್ ಪ್ರ್ಯಾಕ್ಟೀಸ್ ಇತ್ತಲ್ಲ."

"ಕೈ ಹಿಡದಿದ್ದೇನು?"

"ಡ್ಯಾನ್ಸಿನ್ಯಾಗ ಕೈ ಹಿಡೀಲೇಬೇಕಲ್ಲ ಮಮ್ಮಿ. ಅವನ ಕೈ ಬೆಚ್ಚಗಿತ್ತು. ನನ್ನ ಬಾಟಲಿ ನೀರೂ ಕುಡದ."

ಒಳಗಿನಿಂದ ಅತ್ತೆ ಬಂದರು. ರಾಯಚೂರಿನ ಕಡೆಯವರು. ಈ ಊರಿಗೆ ಬಂದು ಎಷ್ಟೋ ವರ್ಷವಾದರೂ ಮನೆಯಲ್ಲಿ ಅವರ ಮಾತು ಬದಲಾಗಿಲ್ಲ. ನಾನು ಚಿಕನ್‌ಪಾಕ್ಸ್ ಅಂದ ಕೂಡಲೇ ನನ್ನ ಬಾಯಿಯ ಕಡೆ ಕೈ ಚಾಚಿದರು.

"ಹಂಗ ರೋಗದ ಹೆಸರು ತಗೀಬ್ಯಾಡವಾ. ತಾಯಿ ಬಂದಾಳ ಅನ್ನಬೇಕು. ತಂಪ ಮಾಡಿದ್ರ ತಾನಾ ಹೋಗತಾಳ. ನಿನ್ನ ಗಂಡಗೂ ಬಂದಿತ್ತು, ಏನಾತು?"

"ಅತ್ತಿ, ಅವರ ಹೊಟ್ಟ್ಯಾಗ ಈ ಮಾತ್ರಿ ಇರಲಿಲ್ಲರಿ," ಅಂದೆ. ಅವರು ನನ್ನ ಮುಖ ನೋಡಿದರು, ಮೊಮ್ಮಗಳ ಮುಖ ನೋಡಿದರು. ಆಮೇಲೆ ಬಗ್ಗಿ ಅವಳ ಷೂ ಬಿಚ್ಚತೊಡಗಿದರು.

ಡಾಕ್ಟರಿಗೆ ಫೋನ್ ಮಾಡುವ ಮೊದಲು ಖಾತ್ರಿ ಮಾಡಿಕೊಳ್ಳಬೇಕಿತ್ತು. ಎರಡು ಗಲ್ಲಿ ಆಚೆ ಆ ಹುಡುಗನ ಮನೆ. ನಡೆದು ಹೋದೆನೋ ಓಡಿದೆನೋ ನೆನಪಿಲ್ಲ. ಬಾಗಿಲಿಗೆ ಬೇವಿನ ಟೊಂಗೆ ಸಿಕ್ಕಿಸಿತ್ತು. ನಾನು ಗ್ರಿಲ್ಲಿನ ಹೊರಗೇ ನಿಂತು ಕರೆದೆ. ಹುಡುಗನ ತಾಯಿ ಬಂದಳು. ಬೀದಿಯ ಸೀರೆ ಅಂಗಡಿಯೊಂದರಲ್ಲಿ ಕೆಲಸ ಮಾಡುವವಳು, ನನಗಿಂತ ಚಿಕ್ಕವಳು. ನಾನು ತೆಲುಗಿನಲ್ಲಿ, ಸ್ವಲ್ಪ ಜೋರಾಗಿಯೇ, ಗುಳ್ಳೆ ಯಾವಾಗ ಎದ್ದವು ಎಂದು ಕೇಳಿದೆ.

"ಇವತ್ತು ಬೆಳಿಗ್ಗೆ ಮೈ ತುಂಬಾ ಬಂದವು ಅಕ್ಕಾ. ನಿನ್ನೆ ಕುತ್ತಿಗೆ ಹತ್ತಿರ ಎರಡು ಇದ್ದವು. ಸೊಳ್ಳೆ ಅಂದುಕೊಂಡೆ."

"ಜ್ವರ?"

"ಸ್ವಲ್ಪ ಇತ್ತು. ಡ್ಯಾನ್ಸಿಗೆ ಹೋಗಲೇಬೇಕು ಅಂತ ಅತ್ತ. ನನಗೂ ಅಂಗಡಿಯಲ್ಲಿ ರಜೆ ಇರಲಿಲ್ಲ. ಯಾಕೆ ಅಕ್ಕಾ, ಏನಾಯಿತು?"

ಬೈಯಬೇಕೆಂದೂ ಹೋಗಿದ್ದೆ. ಸೊಳ್ಳೆ ಎಂಬ ಮಾತು ಕೇಳಿ, ನಾನೂ ಮೊದಲು ಹಾಗೇ ಅಂದುಕೊಂಡದ್ದು ನೆನಪಾಗಿ ಬೈಯಲಾಗಲಿಲ್ಲ. ಮಗಳ ವಿಷಯ ಹೇಳಿದೆ. ಅವಳು ಎರಡೂ ಕೈಯಿಂದ ಗ್ರಿಲ್ಲು ಹಿಡಿದುಕೊಂಡಳು. "ನನಗೆ ಗೊತ್ತಿರಲಿಲ್ಲ ಅಕ್ಕಾ, ದೇವರಾಣೆ ಗೊತ್ತಿರಲಿಲ್ಲ," ಎಂದು ಅಳತೊಡಗಿದಳು. ನನಗೆ ಸಮಾಧಾನ ಹೇಳುವ ಪುರುಸೊತ್ತು ಇರಲಿಲ್ಲ. ಅವಳು ಅಳುತ್ತಿದ್ದ ಹಾಗೆಯೇ ಬಿಟ್ಟು ಬಂದೆ. ದಾರಿಯಲ್ಲೇ ಡಾಕ್ಟರಮ್ಮನಿಗೆ ಫೋನ್ ಹಚ್ಚಿದೆ.

ಅವರು ಒಂದೇ ಒಂದು ಪ್ರಶ್ನೆ ಕೇಳಿದರು, ಎಷ್ಟು ಹತ್ತಿರ ಇದ್ದರು ಅಂತ. ಕೈ ಹಿಡಿದು ಕುಣಿದರು ಅಂದೆ. ಕೂಡಲೇ, ಲಸಿಕೆ ಅಲ್ಲ, ರೋಗ ತಡೆಯುವ ಬೇರೆ ಇಂಜೆಕ್ಷನ್ ಇದೆ, ಎಲ್ಲಾ ಕಡೆ ಸಿಗುವುದಿಲ್ಲ, ಬೇಗಂಪೇಟೆಯ ಒಬ್ಬ ಔಷಧಿ ವ್ಯಾಪಾರಿಯ ಹತ್ತಿರ ಇರಬಹುದು, ಐಸಿನಲ್ಲಿಟ್ಟು ತನ್ನಿ, ಮಗುವನ್ನು ನೇರ ಆಸ್ಪತ್ರೆಗೆ ಕರೆತನ್ನಿ ಎಂದರು.

ಗಂಡ ಸನತ್‌ನಗರದ ಫ್ಯಾಕ್ಟರಿಯಲ್ಲಿದ್ದರು. ಮಷೀನಿನ ಸದ್ದಿನಲ್ಲಿ ನನ್ನ ಮಾತು ಅವರಿಗೆ ಅರ್ಧ ಕೇಳಿತು, ಅರ್ಧ ಇಲ್ಲ.

"ಏನಂದಿ? ಯಾರಿಗೆ ಬಂದೈತಿ?"

"ಇನ್ನೂ ಬಂದಿಲ್ಲರಿ! ಬರೂದ್ರಾಗ ಇಂಜೆಕ್ಷನ್ ಬೇಕು!"

ಅವರು ಹೆಲ್ಮೆಟ್ಟನ್ನೂ ಮರೆತು ಬೇಗಂಪೇಟೆಗೆ ಹೊರಟರಂತೆ. ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಇಂಜೆಕ್ಷನ್ ಇದ್ದ ಐಸಿನ ಥರ್ಮೋಕೋಲ್ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಅವರು ಹತ್ತಿ ಬಂದದ್ದು ಈಗಲೂ ಕಣ್ಣ ಮುಂದಿದೆ.

ಇಂಜೆಕ್ಷನ್ ಆಯಿತು. ಇದು ಪೂರ್ತಿ ತಡೆಯುತ್ತದೆ ಅಂತ ಮಾತು ಕೊಡಲಾರೆ ಎಂದರು ಡಾಕ್ಟರಮ್ಮ. ಬಂದರೂ ಜೋರು ಕಡಿಮೆ ಇರಬಹುದು. ನಾಲ್ಕು ವಾರ ಮನೆಯಲ್ಲೇ ಇಟ್ಟು ನೋಡಬೇಕು. ಅವಳಿಂದ ಇನ್ನೊಂದು ಮಗುವಿಗೆ ಹೋಗಬಾರದಲ್ಲ. ಶ್ವಾಸಕೋಶಕ್ಕೆ ಇಳಿದರೆ ಏನಾಗುತ್ತದೆ ಎಂದು ನಾನು ಕೇಳಿದೆ. "ಅಲ್ಲಿ ತನಕ ಹೋಗುವುದು ಬೇಡ," ಎಂದಷ್ಟೇ ಹೇಳಿ ಅವರು ಮಗಳ ತಲೆ ಸವರಿದರು.

ಆ ನಾಲ್ಕು ವಾರ ನಮ್ಮ ಮನೆಯಲ್ಲಿ ಯಾರೂ ದೊಡ್ಡ ದನಿಯಲ್ಲಿ ಮಾತಾಡಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮಗಳ ಅಂಗಿ ಬಿಚ್ಚಿಸಿ ಕಿಟಕಿಯ ಬೆಳಕಿಗೆ ನಿಲ್ಲಿಸಿ ಬೆನ್ನು, ಕಂಕುಳು, ಕೂದಲ ಬುಡ, ಕಿವಿಯ ಹಿಂದೆ ನೋಡುತ್ತಿದ್ದೆ. ಅತ್ತೆ ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡುತ್ತಿದ್ದರು. ಸೊಳ್ಳೆಯ ಕಡಿತ ಕಂಡರೂ ಪೆನ್ನಿನಿಂದ ಅದರ ಸುತ್ತ ಗೆರೆ ಎಳೆದು ಸಂಜೆ ತನಕ ಕಾಯುತ್ತಿದ್ದೆ. ಮಗಳು ಅದನ್ನು ಆಟ ಅಂದುಕೊಂಡು ತಾನೂ ತನ್ನ ಗೊಂಬೆಯ ಮೈ ತುಂಬ ಗೆರೆ ಎಳೆದಳು. ಆ ಗೊಂಬೆಯನ್ನು ನೋಡಲಾಗದೆ ಕಪಾಟಿನಲ್ಲಿ ಬಚ್ಚಿಟ್ಟೆ.

ವಾರ್ಷಿಕೋತ್ಸವ ಅವಳಿಲ್ಲದೆ ನಡೆದುಹೋಯಿತು. ಆ ಸಂಜೆ ಅವಳು ಹೊಸ ಲಂಗ ಹಾಕಿಕೊಂಡು ಅಜ್ಜಿಯ ಎದುರು ಒಬ್ಬಳೇ ಕುಣಿದಳು. ಅತ್ತೆ ಚಪ್ಪಾಳೆ ತಟ್ಟಿ, "ಭಾಳ ಛಲೋ ಕುಣದಿ ನನ ಬಂಗಾರ," ಎಂದು ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೂರನೇ ವಾರ ಮುಗಿಯುತ್ತ ಬಂದಿತ್ತು. ನನಗೆ ಸ್ವಲ್ಪ ಧೈರ್ಯ ಬರತೊಡಗಿತ್ತು. ಒಂದು ಬೆಳಿಗ್ಗೆ ಅತ್ತೆ ಅವಳ ತಲೆ ಬಾಚುತ್ತಿದ್ದವರು ಬಾಚಣಿಗೆ ನಿಲ್ಲಿಸಿ, "ಇಲ್ಲಿ ಬಾರವಾ," ಎಂದರು. ಆ ದನಿಯಲ್ಲೇ ತಿಳಿಯಿತು. ಕೂದಲ ನಡುವೆ ಒಂದು ಗುಳ್ಳೆ, ನೀರಿನ ಹನಿಯ ಹಾಗೆ ಹೊಳೆಯುತ್ತಿತ್ತು. ಹೊಟ್ಟೆಯ ಮೇಲೆ ಇನ್ನೊಂದು. ಹಣೆ ಮುಟ್ಟಿದೆ. ಸುಡುತ್ತಿತ್ತು.

ಆಸ್ಪತ್ರೆಯಲ್ಲಿ ಬೇರೆ ಮಕ್ಕಳಿಗೆ ತಾಗಬಾರದೆಂದು ಮೂಲೆಯ ಕೋಣೆಯೊಂದರಲ್ಲಿ ಇಟ್ಟರು. ನರ ಸಿಗದೆ ಎರಡೂ ಕೈ ಚುಚ್ಚಿ ಡ್ರಿಪ್ ಹಾಕಿದರು. ಗುಳ್ಳೆಗಳು ಹೆಚ್ಚೇನೂ ಏಳಲಿಲ್ಲ. ಆದರೆ ನಾನು ಗುಳ್ಳೆ ನೋಡುವುದನ್ನು ಬಿಟ್ಟು ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಎರಡನೆಯ ದಿನ ಮಧ್ಯಾಹ್ನ ಅವಳು ಕೆಮ್ಮಿದಳು. ಒಂದು ಸಲ, ಮತ್ತೆ ಇನ್ನೊಂದು ಸಲ. ನರ್ಸ್ ಬಂದು ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಬೆರಳಿಗೆ ಹಾಕಿ ನೋಡಿ ಡಾಕ್ಟರನ್ನು ಕರೆಯಲು ಹೋದಳು. ಎಕ್ಸ್‌ರೇ ಮಷೀನನ್ನು ಕೋಣೆಗೇ ತಳ್ಳಿಕೊಂಡು ಬಂದರು. ನನ್ನನ್ನು ಹೊರಗೆ ನಿಲ್ಲಿಸಿದರು.

ಬಾಗಿಲ ಹೊರಗೆ ನಾನೂ ಗಂಡನೂ ನಿಂತಿದ್ದೆವು. ಅವರು ನನ್ನ ಮಣಿಕಟ್ಟು ಹಿಡಿದಿದ್ದರು. ಬಳೆ ಚರ್ಮಕ್ಕೆ ಒತ್ತಿ ನೋಯುತ್ತಿತ್ತು. ಬಿಡಿಸಿಕೊಳ್ಳಲಿಲ್ಲ. ಒಳಗಿನಿಂದ ಮಗಳು, "ಮಮ್ಮಿ, ಹೋಗಬ್ಯಾಡ!" ಎಂದು ಕೂಗುತ್ತಿದ್ದಳು. "ಇಲ್ಲೇ ಅದೀನಿ," ಅನ್ನಬೇಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಗಂಡ ಕೂಗಿ ಹೇಳಿದರು, "ಮಮ್ಮಿ ಇಲ್ಲೇ ಅದಾಳ, ನಾನೂ ಅದೀನಿ!"

ಡಾಕ್ಟರಮ್ಮ ಬಂದು ಎಕ್ಸ್‌ರೇ ನೋಡಿದರು. ತುಂಬಾ ಹೊತ್ತು ನೋಡಿದ ಹಾಗನ್ನಿಸಿತು. ಆಮೇಲೆ ನಮ್ಮ ಕಡೆ ತಿರುಗಿ, "ಸ್ವಚ್ಛ ಇದೆ. ಬರೀ ಗಂಟಲ ಕೆಮ್ಮು," ಎಂದರು. ನಾನು ಒಳಗೆ ಓಡಿ ಮಗಳ ಪಕ್ಕ ಕೂತೆ.

ಗುಳ್ಳೆ ಒಣಗಿ ಮನೆಗೆ ಬಂದೆವು. ಅಷ್ಟಕ್ಕೇ ಮುಗಿಯಲಿಲ್ಲ. ಹತ್ತು ಹದಿನೈದು ದಿನಕ್ಕೆ ದಿನಾ ಪರೀಕ್ಷೆಗೆಂದು ಬೆಳಗಿನ ಮೂತ್ರದಲ್ಲಿ ಅದ್ದುತ್ತಿದ್ದ ಹಳದಿ ಪಟ್ಟಿ ಹಸಿರಾಯಿತು. ಪ್ರೋಟೀನ್ ಮತ್ತೆ ಸೋರುತ್ತಿತ್ತು. ಮಾತ್ರೆ ಮತ್ತೆ ಹೆಚ್ಚಾಯಿತು, ಸ್ವಲ್ಪ ಇಳಿದಿದ್ದ ಕೆನ್ನೆ ಮತ್ತೆ ಉಬ್ಬಿತು.

ಆ ಹುಡುಗನ ತಾಯಿ ಒಂದು ಸಂಜೆ ನಮ್ಮ ಮನೆಗೆ ಬಂದಳು. ಒಳಗೆ ಬರಲು ಒಪ್ಪದೆ ಹೊಸ್ತಿಲ ಹೊರಗೇ ನಿಂತಳು. ಅತ್ತೆ ತಾವೇ ಎದ್ದು ಹೋಗಿ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಬಂದು, ತಮಗೆ ಬರುವ ಹರುಕು ತೆಲುಗಿನಲ್ಲಿ ಚಹಾ ಕುಡಿಯುವಂತೆ ಹೇಳಿದರು. ಹೊರಡುವಾಗ ನನ್ನ ಫೋನ್ ನಂಬರ್ ಕೇಳಿ ಪಡೆದಳು.

ಜೂನಿನಲ್ಲಿ ಶಾಲೆ ಮತ್ತೆ ಶುರುವಾಯಿತು. ಮಳೆ ಹಿಡಿದ ಒಂದು ಬೆಳಿಗ್ಗೆ, ನಾನು ಮಗಳ ಡಬ್ಬಿ ಕಟ್ಟುತ್ತಿದ್ದಾಗ ಆ ಹುಡುಗನ ತಾಯಿಯ ಫೋನ್ ಬಂತು.

"ಅಕ್ಕಾ, ಇವನಿಗೆ ಮೂಗು ಸೋರುತ್ತಿದೆ. ಜ್ವರ ಏನಿಲ್ಲ. ಆದರೂ ಮನೆಯಲ್ಲೇ ಇಟ್ಟುಕೊಂಡಿದ್ದೀನಿ. ಅಂಗಡಿಗೂ ಹೇಳಿದೆ. ನೀವು ಪಾಪುನ್ನ ಸ್ಕೂಲಿಗೆ ಕಳಿಸಿ."

ಮಗಳನ್ನು ಆಟೋ ಹತ್ತಿಸಿದೆ. ಎಂದಿನಂತೆ ಬಗ್ಗಿ ಉಳಿದ ಮಕ್ಕಳ ಮುಖಗಳನ್ನೂ ಒಂದೊಂದಾಗಿ ನೋಡಿದೆ. ಹಿಂದಿನ ಸೀಟಿನಲ್ಲಿ ಯಾರೋ ಸೀನಿದರು. ಯಾರೆಂದು ತಿಳಿಯುವ ಮೊದಲೇ ಆಟೋ ಹೊರಟುಹೋಯಿತು. ಮಧ್ಯಾಹ್ನ ಅವಳು ವಾಪಸ್ ಬರುವ ತನಕ ನಾನು ಬಾಲ್ಕನಿ ಬಿಟ್ಟು ಕದಲಲಿಲ್ಲ.