ಕ್ಯಾಮೆರಾಗೆ ಕೊಟ್ಟ ಶಾಖ

ಇಡೀ ಆಕಾಶವನ್ನು ಒಂದೇ ಫೋಟೋದಲ್ಲಿ ಹಿಡಿಯಲು ಪ್ಲೈವುಡ್ಡು, ಹಳೇ ಲೆನ್ಸು ಸೇರಿಸಿ ನಾನೇ ಕಟ್ಟಿದ ಕ್ಯಾಮೆರಾ ಕಂಡರೆ ಚಂದ್ರನೂ ನಾಚಬೇಕು. ಬೆಳಗ್ಗೆ ಫೋಟೋ ತೋರಿಸುತ್ತೇನೆಂದು ಇಡೀ ಮದ್ದೂರಿಗೆ ಡಂಗುರ ಹೊಡೆದು, ರಾತ್ರಿ ವೈದ್ಯನಾಥಪುರದ ಹೊಲದಲ್ಲಿ ಪರೀಕ್ಷೆಗೆ ನಿಲ್ಲಿಸಿದೆ. ಹತ್ತೇ ನಿಮಿಷಕ್ಕೆ ಲೆನ್ಸಿನ ಮೇಲೆ ಇಬ್ಬನಿ ಕೂತು ನಕ್ಷತ್ರಗಳೆಲ್ಲ ಮಾಯ. ಒರೆಸಿದಷ್ಟೂ ಮತ್ತೆ ಮಂಜು.

ಪಕ್ಕದ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದ ಸಿದ್ದಣ್ಣ ಎದ್ದು ಬಂದ.

“ಏನ್ ಸ್ವಾಮಿ, ನಿಮ್ ಮಿಸನ್ನಿಗೆ ಸೀತ ಆಗ್ಬುಟ್ಟದಾ?”

“ಇದು ವಿಜ್ಞಾನ ಕಣಯ್ಯ!”

“ಆಗ್ಲಿ ಬುಡಿ, ಅದ್ಕೂ ಒಸಿ ಸಾಕ ಕೊಡುವ.”

ಬೆಲ್ಲ ಮೆತ್ತಿದ್ದ ತನ್ನ ಟವೆಲ್ಲಿನಲ್ಲಿ ಒಲೆಯ ಬಿಸಿ ಬೂದಿ ಕಟ್ಟಿ ಲೆನ್ಸಿನ ಕೊರಳಿಗೆ ಸುತ್ತಿದ. ಮಂಜು ಬಿಟ್ಟಿತು. ಫೋಟೋದಲ್ಲಿ ನಕ್ಷತ್ರಗಳು ರಾಗಿ ಚೆಲ್ಲಿದಂತೆ ಬಂದವು.

ಆ ಆಲೆಮನೆ ಈಗಿಲ್ಲ. ಕ್ಯಾಮೆರಾ ಪೆಟ್ಟಿಗೆ ತೆರೆದರೆ ಮಾತ್ರ ಬೆಲ್ಲದ ವಾಸನೆ ಇವತ್ತಿಗೂ ಬರುತ್ತದೆ. ಹಿಂದೆಯೇ ಇರುವೆಗಳೂ ಬರುತ್ತವೆ. ನನ್ನ ಖಗೋಳ ಸಂಘಕ್ಕೆ ತಪ್ಪದೆ ಹಾಜರಾಗುವ ಸದಸ್ಯರು ಅವೇ.