ಕೊನೆಯ ವಿಕೆಟ್ ಬೀಳದಿರಲಿ ದೇವರೇ

ವನಗೂರಿನ ಕಡಿದಾದ ರಸ್ತೆಯಲ್ಲಿ ಬ್ರೇಕ್ ಕೈಕೊಟ್ಟರೂ ಹೆದರದ ಜೀಪ್ ಡ್ರೈವರ್ ಶಾಂತಮಲ್ಲಪ್ಪನಿಗೆ, ಕ್ರಿಕೆಟ್ಟಿನ ಕೊನೆಯ ಓವರ್ ಬಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿದ್ದವು. ಅಹಮದಾಬಾದಿನ ವಿಶ್ವಕಪ್ ಫೈನಲ್ಲನ್ನು ಕುರ್ಚಿಗೆ ಅಂಟಿಕೊಂಡು ಪೂರ್ತಿ ನೋಡಿದ, ಭಾರತ ಸೋತಿತು. ಮರುವರ್ಷ ಟಿ-ಟ್ವೆಂಟಿ ಫೈನಲ್ಲಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಮೂವತ್ತು ಎಸೆತಕ್ಕೆ ಮೂವತ್ತೇ ರನ್ ಬೇಕಿದ್ದಾಗ, ನೋಡಲಾರದೆ ಎದ್ದು ಹೊರಗೆ ಹೋದ, ಭಾರತ ಗೆದ್ದಿತು. ಅಷ್ಟೇ ಸಾಕಾಯಿತು ನೋಡಿ. ಪಂದ್ಯ ಬಿಗಿಯಾದರೆ ಶಾಂತಣ್ಣ ಹೊರಗೆ ಹೋಗಬೇಕು ಎಂಬುದು ಅಂದಿನಿಂದ ಊರಿನ ಕಾನೂನೇ ಆಗಿಬಿಟ್ಟಿತು.

ಓವಲ್ ಟೆಸ್ಟಿನ ಕೊನೆಯ ದಿನ ಎಲ್ಲರೂ ಸರೋಜಮ್ಮನ ಹೋಟೆಲಿನ ಟೀವಿ ಮುಂದೆ ಸೇರಿದ್ದರು. ಇಂಗ್ಲೆಂಡಿಗೆ ಹದಿನೇಳು ರನ್ ಬೇಕು, ನಮಗೊಂದು ವಿಕೆಟ್. ಪೆಟ್ಟಾದ ತೋಳನ್ನು ಸ್ವೆಟರಿನೊಳಗೆ ಕಟ್ಟಿಕೊಂಡು ಅವರ ಕೊನೆಯವನೂ ಬ್ಯಾಟು ಹಿಡಿದು ಇಳಿದ.

"ಇನ್ನೂ ಕೂತಿದ್ದೀಯಾ? ಏಳು ಮಾರಾಯ!" ಎಂದ ಪಂಕ್ಚರ್ ಅಂಗಡಿಯ ನಸ್ರುಲ್ಲಾ. ಅವನ ಕೈಯಲ್ಲಿ ಆಗಲೇ ಪಟಾಕಿ ಸರವಿತ್ತು.

"ಬೆಳಿಗ್ಗೆ ಫಾರೆಸ್ಟಿನೋರಿಂದ ಆನೆ ಮೆಸೇಜ್ ಬಂದೈತೆ ಕಣೋ."

"ಅದು ಆಚೆ ಗುಡ್ಡದ್ದು. ಮ್ಯಾಚ್ ನೋಡಾಕೆ ಇಲ್ಲಿಗೆ ಬತ್ತದಾ?"

"ಹೋಗ್ಬುಟ್ಟು ಬಾರಪ್ಪ," ಎಂದಳು ಸರೋಜಮ್ಮ. "ಗೆದ್ರೆ ಎಲ್ರಿಗೂ ನಂದೇ ಟೀ."

ಹಿಂಬಾಗಿಲಿನಿಂದ ಹೊರಟವನ ಬೆನ್ನಿಗೇ ಬಾಗಿಲು ಎಳೆದುಕೊಂಡರು. ಮಂಜು ದಟ್ಟವಾಗಿತ್ತು. ನೀರಿನ ತೊಟ್ಟಿಯವರೆಗೆ ನಡೆದು ಹಿಂತಿರುಗಿ ನೋಡಿದರೆ, ಅವನಿಗೂ ಬಾಗಿಲಿಗೂ ನಡುವೆ ಒಂದು ಕಪ್ಪು ಗೋಡೆ. ಗೋಡೆ ಸೊಂಡಿಲು ಚಾಚಿ, ಸರೋಜಮ್ಮ ಎಸೆದಿದ್ದ ಹಲಸಿನ ಸಿಪ್ಪೆಯ ರಾಶಿ ಕೆದಕಿತು.

ಶಾಂತಣ್ಣನ ಬೆನ್ನು ಹಿಂದಿನ ಮಣ್ಣಿನ ಧರೆಗೆ ಅಂಟಿತು. ಕಿಟಕಿಯಿಂದ ಕಾಮೆಂಟರಿ ಕೇಳುತ್ತಲೇ ಇತ್ತು. ಸಿಕ್ಸರ್! ಒಳಗಿನವರು "ಅಯ್ಯೋ!" ಎಂದರು. ಆನೆ ಕಿವಿ ಅಗಲಿಸಿ ನಿಂತಿತು.

ಒಂದು 'ಅಯ್ಯೋ'ಗೇ ಹೀಗಾದರೆ, ಗೆದ್ದಾಗ ಎಲ್ಲರೂ ಕಿರುಚಿದರೆ? ಆ ಪಟಾಕಿ ಸಿಡಿದರೆ? ಹುಟ್ಟಿದಾಗಿನಿಂದ ಭಾರತಕ್ಕಾಗಿ ಹರಕೆ ಹೊತ್ತ ಬಾಯಿ ಅಂದು ಮೊದಲ ಸಲ ಬೇರೆ ಬೇಡಿತು: "ವಿಕೆಟ್ ಬೀಳೋದು ಬ್ಯಾಡ ದೇವ್ರೇ. ಇಂಗ್ಲೆಂಡೇ ಗೆದ್ಕೊಳ್ಲಿ."

ಜೂನಿನಲ್ಲಿ ಮಗಳು ನಯನಾ ಮೊಬೈಲಿನಲ್ಲಿ ತೋರಿಸಿದ ಪ್ಯಾರಿಸ್ ಟೆನಿಸ್ ಫೈನಲ್ ನೆನಪಾಯಿತು. ಅಂದು ಅವನು ನಕ್ಕಿದ್ದ: "ಇದೇನವ್ವ, ಸಾವಿನ ಮನೇಲಿ ಕೂತಂಗೆ ಕೂತವ್ರೆ ಜನ!" ಸ್ಪೇನಿನ ಹುಡುಗನ ಎದುರಾಳಿಗೆ ಗೆಲ್ಲಲು ಒಂದೇ ಪಾಯಿಂಟ್ ಸಾಕಿತ್ತು, ಅಂಥ ಅವಕಾಶ ಮೂರು ಸಲ ಬಂತು, ಮೂರು ಸಲವೂ ತಪ್ಪಿತು. ಕೊನೆಗೆ ಗೆದ್ದವನು ಸ್ಪೇನಿನವನೇ. "ಅವ್ನು ಮುಂದಿನ ಪಾಯಿಂಟ್ ಮಾತ್ರ ಯೋಚಿಸ್ತಾನೆ ಅಪ್ಪ," ಎಂದಿದ್ದಳು ನಯನಾ. ಶಾಂತಣ್ಣನೂ ಮುಂದಿನ ಉಸಿರನ್ನು ಮಾತ್ರ ಯೋಚಿಸಿದ. ಪ್ಯಾರಿಸ್ಸಿನ ಆ ಜನರಂತೆ ಒಳಗಿನವರೂ ಬಾಯಿ ಮುಚ್ಚಿದ್ದರೆ ಸಾಕಿತ್ತು! ಕಾಲೆತ್ತದೆ, ಹಿಮ್ಮಡಿ ಜಾರಿಸುತ್ತ ತೊಟ್ಟಿಯ ಮರೆಗೆ ಸರಿಯತೊಡಗಿದ.

ಇನ್ನೊಂದು ಮಾರು ಉಳಿದಿತ್ತು. ಸಿರಾಜನ ಚೆಂಡಿಗೆ ವಿಕೆಟ್ ಹಾರಿತು.

ಹೋಟೆಲೇ ಎದ್ದು ಕೂಗಿದಂತಾಯಿತು. ರಸ್ತೆ ಬದಿಯಲ್ಲಿ ಪಟಾಕಿ ಸಿಡಿಯಿತು. ಆನೆ ಘೀಳಿಟ್ಟು ಗಿರ್ರನೆ ತಿರುಗಿ ಅವನತ್ತಲೇ ನುಗ್ಗಿತು. ಶಾಂತಣ್ಣ ತೊಟ್ಟಿಯ ಹಿಂದೆ ಬಿದ್ದ. ನೆಲ ನಡುಗಿತು, ಮುಖಕ್ಕೆ ಕೆಸರು ರಾಚಿತು, ಕೆಳಗಿನ ಕಾಫಿ ಗಿಡಗಳು ಲಟಲಟನೆ ಮುರಿದ ಸದ್ದು ಹಳ್ಳದವರೆಗೂ ಇಳಿದು ಹೋಯಿತು.

"ಗೆದ್ಬುಟ್ವಿ ಶಾಂತಣ್ಣ! ಆರೇ ರನ್ನು! ಎಲ್ಲಾ ನಿನ್ನಿಂದ್ಲೇ!" ನಸ್ರುಲ್ಲಾ ಕುಣಿಯುತ್ತ ಬಂದ. ಬಂದವನ ಕಾಲು ಮೊರದಗಲದ ಹೆಜ್ಜೆ ಗುರುತಿನೊಳಗೆ ಇಳಿಯಿತು. ಬಗ್ಗಿ ನೋಡಿದವನ ಕುಣಿತ ನಿಂತಿತು. ಸರೋಜಮ್ಮ ಕೊಟ್ಟ ಟೀಯನ್ನು ಶಾಂತಣ್ಣ ಒಳಗೆ ಹೋಗಿ, ಬಾಗಿಲು ಮುಚ್ಚಿಕೊಂಡೇ ಕುಡಿದ.

ನವೆಂಬರಿನಲ್ಲಿ ಹೆಣ್ಣುಮಕ್ಕಳ ವಿಶ್ವಕಪ್ ಫೈನಲ್. ದಕ್ಷಿಣ ಆಫ್ರಿಕಾದ ನಾಯಕಿ ಗಟ್ಟಿಯಾಗಿ ನಿಂತಾಗ ನಸ್ರುಲ್ಲಾ ಶಾಂತಣ್ಣನ ಮನೆಗೆ ಫೋನ್ ಮಾಡಿದ: "ಶಾಂತಣ್ಣ, ಜಗಲಿವರ್ಗಾದ್ರೂ ಹೋಗಿ ಬಾ ಮಾರಾಯ."

"ಸೋತ್ರೆ ಸೋಲ್ಲಿ. ನಾನು ಏಳಾಕಿಲ್ಲ."

ಏಳಲಿಲ್ಲ. ಆದರೂ ಭಾರತ ಗೆದ್ದಿತು.

"ಹಂಗಾರೆ ಅಪ್ಪ," ಎಂದಳು ನಯನಾ, "ಆನೆ ಬಂದವತ್ತು ನೀನು ಒಳಗೇ ಕೂತಿದ್ರೂ ಗೆಲ್ತಿದ್ವಲ್ಲ?"

ಹೊರಗೆ ಯಾರೋ ಪಟಾಕಿ ಹಚ್ಚಿದರು. ಶಾಂತಣ್ಣ ಎದ್ದು, ಹಾಕಿದ್ದ ಚಿಲಕವನ್ನೇ ಇನ್ನೊಮ್ಮೆ ಒತ್ತಿ ನೋಡಿದ.