ಬಿಸಿನೀರಣ್ಣನ ಹೊಟ್ಟೆಗೆ ಬಿಸಿ ಮದ್ದು

ಗೀಸರ್ ರಿಪೇರಿಯ ಬಿಸಿನೀರಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಮೂವತ್ತು ವರ್ಷ ಪರರ ಬಚ್ಚಲಲ್ಲೇ ಕಳೆದ ಮನುಷ್ಯ. ಇನ್ನೊಬ್ಬರು ಕೂಡಿಸಿದ ಥರ್ಮೋಸ್ಟಾಟನ್ನು ನಂಬುವುದು ಅವನ ಜಾಯಮಾನದಲ್ಲೇ ಇಲ್ಲ. ಅಂಗಡಿಯಿಂದ ಆಗಷ್ಟೇ ಬಂದ ಗೀಸರೇ ಆಗಲಿ, ತನ್ನ ಥರ್ಮಾಮೀಟರ್ ಅದ್ದಿ ನೋಡದೆ ಯಾರನ್ನೂ ಸ್ನಾನಕ್ಕೆ ಬಿಡುತ್ತಿರಲಿಲ್ಲ. ಟವೆಲ್ ಸುತ್ತಿಕೊಂಡು ಅವನ ಅಪ್ಪಣೆಗೆ ಕಾದವರು ಎಷ್ಟೋ ಮಂದಿ.

ಅಂಥವನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂತು. ಹೊಟ್ಟೆಯ ಒಳಪದರಕ್ಕೆಲ್ಲ ಹರಡಿದೆ ಎಂದು ಇಬ್ಬರು ಡಾಕ್ಟರು ಕೈಚೆಲ್ಲಿದರು. ಮೂರನೆಯವರು ಚಿಕ್ಕ ವಯಸ್ಸಿನ ಸರ್ಜನಮ್ಮ. ಅವರು ಕಾಗದದ ಮೇಲೆ ಹೊಟ್ಟೆ ಬರೆದು, ಅದಕ್ಕೆ ನಾಲ್ಕು ಪೈಪು ಎಳೆದರು.

"ಕಣ್ಣಿಗೆ ಕಾಣೋ ಗಂಟನ್ನೆಲ್ಲಾ ತೆಗೀತೀವಿ. ಕಾಣದೆ ಉಳಿದಿರೋದಕ್ಕೆ, ಕ್ಯಾನ್ಸರ್ ಔಷಧೀನ ಬಿಸಿ ಮಾಡಿ ಒಂದೂವರೆ ಗಂಟೆ ಹೊಟ್ಟೆಯೊಳಗೇ ಸುತ್ತಿಸ್ತೀವಿ."

ಬಿಸಿನೀರಣ್ಣ ಕುರ್ಚಿಯ ತುದಿಗೆ ಬಂದ. "ಎಷ್ಟು ಡಿಗ್ರಿ?"

"ನಲವತ್ತೆರಡರ ಆಸುಪಾಸು."

"ಆಸುಪಾಸು ಅಂದ್ರೆ ಹೆಂಗೆ ಮೇಡಂ? ಮೊದಲು ಮಿಷನ್ ತೋರಿಸಿ, ಆಮೇಲೆ ಸಹಿ."

ಹೆಂಡತಿ ಹಣೆ ಚಚ್ಚಿಕೊಂಡಳು. "ರೀ, ಅವರು ಜೀವ ಉಳಿಸ್ತೀನಿ ಅಂತಿದ್ದಾರೆ, ನೀವು ಮಿಷನ್ ರಿಪೇರಿಗೆ ಹೊರಟ್ರಲ್ಲ!"

ಸರ್ಜನಮ್ಮ ನಕ್ಕು ಒಪ್ಪಿದರು. ಆದರೆ ಮರುಕ್ಷಣ ನಗು ನಿಲ್ಲಿಸಿದರು. "ಒಂದು ಮಾತು ಈಗಲೇ ಹೇಳ್ಬಿಡ್ತೀನಿ. ತೆರೆದು ನೋಡಿದಾಗ ಎಲ್ಲಾ ತೆಗೆಯೋಕಾಗಲ್ಲ ಅನ್ನಿಸಿದ್ರೆ ಔಷಧಿ ಬಿಡಲ್ಲ, ಹಾಗೇ ಹೊಲಿದುಬಿಡ್ತೀವಿ. ಅದು ಎರಡು ಗಂಟೇಲಿ ಮುಗಿದುಹೋಗತ್ತೆ. ಎಲ್ಲಾ ಅಂದುಕೊಂಡಂಗೆ ಆದ್ರೆ ಇಡೀ ದಿನ ಬೇಕು."

ಮಾರನೆಯ ದಿನ ಮಿಷನ್ ನೋಡಿಕೊಳ್ಳುವ ಟೆಕ್ನಿಷಿಯನ್ ಅದನ್ನು ಕಾರಿಡಾರಿಗೆ ತಳ್ಳಿಕೊಂಡು ಬಂದಳು. ಬಿಸಿನೀರಣ್ಣ ಮೊಣಕಾಲೂರಿ ಕೂತು ಪಂಪಿಗೆ ಕಿವಿಯಿಟ್ಟ. ಕೊನೆಯ ಸರ್ವಿಸ್ ಯಾವಾಗ ಆಯಿತೆಂದು ವಿಚಾರಿಸಿದ. ಕೊನೆಗೆ ಕೇಳಿದ: "ಒಳಗೆ ಹೋಗೋವಾಗ ನಲವತ್ತೆರಡು, ಸರಿ. ಹೊರಗೆ ಬರೋವಾಗ ಎಷ್ಟು?"

ಅವಳು ಹುಬ್ಬೇರಿಸಿದಳು. "ಅಂಕಲ್, ನಾವು ಕಣ್ಣು ಮಿಟುಕಿಸದೆ ನೋಡ್ತಾ ಕೂರೋದೇ ಅದನ್ನ. ಎರಡೂ ಕಡೆ ಅಳೀತೀವಿ."

ಅವನು ಜೇಬಿನಿಂದ ತನ್ನ ಹಳೆಯ ಥರ್ಮಾಮೀಟರ್ ತೆಗೆದು ಅವಳತ್ತ ಚಾಚಿದ. ಅದು ಆಪರೇಷನ್ ಕೋಣೆಯೊಳಗೆ ಬರುವಂತಿಲ್ಲ ಎಂದು ಅವಳು ಎರಡೂ ಕೈ ಮುಗಿದಳು. ಅವನು ಮುಖ ಸಣ್ಣದು ಮಾಡಿಕೊಂಡೇ ಸಹಿ ಹಾಕಿದ. ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆಯಾಗಿತ್ತು. ಮಿಷನ್ನಿನ ಬಗ್ಗೆ ಮಾತಾಡುವಷ್ಟು ಹೊತ್ತು ಆ ಎರಡು ಗಂಟೆಯ ಮಾತು ಮರೆತಿರುತ್ತಿತ್ತು, ಅಷ್ಟೆ.

ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕಿತ್ತು. ಅದೇ ದಿನದ್ದೋ ಮಾರನೆಯದ್ದೋ ತಿಳಿಯಲಿಲ್ಲ. ಹೊಟ್ಟೆ ಮುಟ್ಟಿಕೊಂಡರೆ ಬರೀ ಬಟ್ಟೆ, ಬರೀ ಪೈಪು. ಹಾಗೇ ಹೊಲಿದರೂ ಬಟ್ಟೆ ಸುತ್ತುತ್ತಾರಲ್ಲ! ಅಷ್ಟರಲ್ಲಿ ಹೆಂಡತಿ ಬಂದು ಮಂಚದ ಪಕ್ಕ ನಿಂತಳು. ಮುಖಕ್ಕೆ ಮಾಸ್ಕು, ಕಣ್ಣು ಕೆಂಪು. ಅತ್ತದ್ದೋ, ನಿದ್ದೆಗೆಟ್ಟದ್ದೋ?

"ಎಷ್ಟು... ಹೊತ್ತಾಯ್ತೇ?" ಎಂದ, ಉತ್ತರ ಬೇಡವೆನ್ನುವಷ್ಟು ಮೆಲ್ಲಗೆ.

"ಎಷ್ಟು ಹೊತ್ತಾ? ಹನ್ನೊಂದು ಗಂಟೆ ರೀ! ಆ ಕಬ್ಬಿಣದ ಕುರ್ಚೀಲಿ ಹನ್ನೊಂದು ಗಂಟೆ ಕೂರಿಸಿದ್ರಿ. ನನ್ನ ಸೊಂಟ ಬಿದ್ದೋಯ್ತು, ಗೊತ್ತಾ ನಿಮಗೆ?"

ಬಿಸಿನೀರಣ್ಣನ ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು.

"ಇನ್ನೊಂದ್ಸಲ ಬಯ್ಯೇ," ಎಂದ.